ಹೆಡ್ ಮೇಡಂ ಕಣ್ಣು ಬಿಟ್ಟ ಫೋಟೋ

"ಕೇಳಿಸ್ಕೋ, ಇವತ್ತಿನಿಂದ ಈ ಕ್ಯಾಮೆರಾದ ಸ್ಕ್ರೀನ್ ಕಡೆ ನಾನು ಕಣ್ಣೆತ್ತಿಯೂ ನೋಡಲ್ಲ!" ಎಂದು ಮಾಸ್ಟರ್ ಘೋಷಿಸಿದಾಗ ಅವರ ಹೆಂಡತಿ ಕನ್ನಡಕ ಏರಿಸಿಕೊಂಡು ಒಂದು ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಅವಳು ವಾರಕ್ಕೊಂದರಂತೆ ಕೇಳಿದ್ದಾಳೆ.

"ಯಾಕಂತೆ?" ಅಂದಳು.

"ಸ್ಕ್ರೀನ್ ನೋಡಿಕೊಂಡು ಫೋಟೋ ತೆಗೆಯೋದು ಮಕ್ಕಳಾಟ ಕಣೇ. ನಿಜವಾದ ಕಲಾವಿದ ಈ ಕಿಂಡಿಯಲ್ಲಿ ಕಣ್ಣಿಟ್ಟು ನೋಡ್ತಾನೆ. ಇದಕ್ಕೆ ವ್ಯೂಫೈಂಡರ್ ಅಂತಾರೆ. ಒಂದು ಕಣ್ಣು ಮುಚ್ಚಬೇಕು, ಉಸಿರು ಹಿಡೀಬೇಕು, ಪ್ರಪಂಚಾನೇ ಮರೀಬೇಕು!"

"ಪ್ರಪಂಚ ಮರೆಯೋ ಮೊದಲು ಆ ಜಾಕೆಟ್ಟಿಗೆ ತೋಳು ಕೂರಿಸಿಬಿಡಿ. ನಾಳೆ ಬೆಳಿಗ್ಗೆ ಗಿರಾಕಿ ಬಂದು ನಿಲ್ತಾರೆ."

ಮಾಸ್ಟರ್ ಅಂದರೆ ಪಾಠ ಹೇಳುವ ಮಾಸ್ಟರ್ ಅಲ್ಲ, ಕತ್ತರಿ ಹಿಡಿಯುವ ಮಾಸ್ಟರ್. ಬೀದಿಯ ತಿರುವಿನಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಒಂದು ನಿಲುಗನ್ನಡಿ ಇರುವ ಟೈಲರ್ ಅಂಗಡಿ ಅವರದು. ಅಂಗಡಿಯ ಹಿಂದೆಯೇ ಮನೆ. ಪಕ್ಕದ ಫೋಟೋ ಸ್ಟುಡಿಯೋದವನು ಹೊಸ ಕ್ಯಾಮೆರಾ ತೆಗೆದುಕೊಂಡಾಗ ತನ್ನ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಮಾಸ್ಟರಿಗೆ ಕೊಟ್ಟ. ಅದಕ್ಕೆ ಪ್ರತಿಯಾಗಿ ಮಾಸ್ಟರ್ ಅವನಿಗೊಂದು ಕೋಟು ಹೊಲಿದುಕೊಟ್ಟರು. ಅಲ್ಲಿಂದ ಮಾಸ್ಟರ್ ಮನಸ್ಸಿನಲ್ಲಿ ತಾವು ಅರ್ಧ ಟೈಲರ್, ಅರ್ಧ ಕಲಾವಿದ.

ಈಗ ಒಳಗುಟ್ಟು ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ಮಾಸ್ಟರಿಗೆ ನಲವತ್ತೆಂಟು ತುಂಬಿತ್ತು. ಈ ವಯಸ್ಸಿಗೆ ಎಲ್ಲರ ಮೂಗಿನ ಮೇಲೂ ಚಾಳೀಸು ಕನ್ನಡಕ ಬಂದು ಕೂರುತ್ತದೆ. ಮಾಸ್ಟರ್ ಮೂಗು ಮಾತ್ರ ಅದಕ್ಕೆ ಜಾಗ ಕೊಟ್ಟಿರಲಿಲ್ಲ! ದೂರದ್ದೇನೋ ಹದ್ದಿನಂತೆ ಕಾಣುತ್ತಿತ್ತು. ರಸ್ತೆಯ ಆಚೆ ಹೋಗುವವನ ಸೊಂಟದ ಸುತ್ತಳತೆಯನ್ನು ಕೂತಲ್ಲಿಂದಲೇ ಹೇಳಿಬಿಡುತ್ತಿದ್ದರು, ಅರ್ಧ ಇಂಚು ಆಚೀಚೆ ಆಗುತ್ತಿರಲಿಲ್ಲ. ಹತ್ತಿರದ್ದು ಮಾತ್ರ ಮಂಜು. ಪೇಪರ್ ಓದುವಾಗ ಕೈ ಚಾಚಿ ಚಾಚಿ, ಇನ್ನು ಚಾಚುವುದಕ್ಕೆ ಕೈಯೇ ಇಲ್ಲ ಅನ್ನುವಲ್ಲಿಗೆ ಬಂದಿತ್ತು. ಕೇಳಿದರೆ, "ಈ ಪೇಪರಿನವರು ಜಿಪುಣರು ಕಣೇ, ಅಕ್ಷರ ಸಣ್ಣ ಮಾಡಿಬಿಟ್ಟಿದ್ದಾರೆ!" ಅನ್ನುತ್ತಿದ್ದರು. ಕಣ್ಣಳತೆಯ ಮಾಸ್ಟರ್ ಅಂತ ಹೆಸರು ಮಾಡಿದವರು ಕನ್ನಡಕ ಹಾಕಿಕೊಂಡು ಗಿರಾಕಿಯ ಮುಂದೆ ನಿಲ್ಲುವುದೆಂದರೆ ಅಂಗಡಿಗೆ ಬೀಗ ಹಾಕಿದಷ್ಟೇ ಅವಮಾನ ಅಂತ ಅವರ ಲೆಕ್ಕ.

ಹೀಗಾಗಿ ಕ್ಯಾಮೆರಾ ಬೆನ್ನಿನ ಸ್ಕ್ರೀನಿನಲ್ಲಿ ಅವರಿಗೆ ಕಾಣುತ್ತಿದ್ದದ್ದು ಬಣ್ಣಬಣ್ಣದ ಗಂಜಿ. ಆದರೆ ಆ ಕಿಂಡಿ ಇದೆ ನೋಡಿ, ಅದರ ಪಕ್ಕದಲ್ಲೊಂದು ಪುಟ್ಟ ಚಕ್ರ. ಸ್ಟುಡಿಯೋದವನು ಕ್ಯಾಮೆರಾ ಕೊಡುವಾಗ, "ಇದನ್ನ ತಿರುಗಿಸಿ ಮಾಸ್ಟರ್, ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ" ಅಂದಿದ್ದ. ತಿರುಗಿಸಿದರು. ಆಹಾ! ಒಳಗಿನ ಪುಟ್ಟ ಚಿತ್ರದಲ್ಲಿ ಎದುರಿನ ಗೋಡೆಯ ಗೆರೆ, ಗಡಿಯಾರದ ಮುಳ್ಳು, ಹೆಂಡತಿಯ ಕಿವಿಯ ಪಕ್ಕದ ನರೆಗೂದಲು ಎಲ್ಲಾ ಉಳಿಯಿಂದ ಕೊರೆದಂತೆ ಕಂಡವು. ಮಾಸ್ಟರಿಗೆ ಯೌವನವೇ ವಾಪಸ್ ಬಂದಷ್ಟು ಸಂತೋಷವಾಯಿತು. ಕಿಂಡಿಯ ಮೇಲೆ ಅವರಿಗೆ ಹುಟ್ಟಿದ ಭಕ್ತಿಯ ಮೂಲ ಇದು. ಕಲೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಹೀಗೆ ಘೋಷಣೆ ಮೊಳಗಿದ ವಾರದಲ್ಲೇ, ಬುಧವಾರ ಸಂಜೆ, ಹೆಂಡತಿಯ ತಾಯಿ, ಮಾಸ್ಟರ್ ಅತ್ತೆ ಬಂದಿಳಿದರು.

ಅತ್ತೆ ಅಂದರೆ ಸಾಮಾನ್ಯರಲ್ಲ. ಹನ್ನೊಂದು ವರ್ಷ ಒಂದು ಶಾಲೆಯ ಹೆಡ್ ಮೇಡಂ ಆಗಿದ್ದವರು. ಅವರು ವರಾಂಡದಲ್ಲಿ ಕೆಮ್ಮಿದರೆ ಮೂರನೇ ಮಹಡಿಯ ತರಗತಿಯಲ್ಲಿ ಪುಸ್ತಕಗಳು ತೆರೆದುಕೊಳ್ಳುತ್ತಿದ್ದವಂತೆ. ಅವರ ಕೈಯಲ್ಲೊಂದು ಪತ್ರ, ಚೀಲದ ತುಂಬ ಹಳೆಯ ಫೋಟೋ. ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿದರು.

"ನೋಡಿ ಅಳಿಯಂದಿರೇ. ಶಾಲೆಯ ಕಾರಿಡಾರಿನಲ್ಲಿ ಇದುವರೆಗಿನ ಹೆಡ್ ಮೇಡಂಗಳ, ಹೆಡ್ ಮಾಸ್ಟರುಗಳ ಫೋಟೋ ಹಾಕ್ತಾರಂತೆ. ಶನಿವಾರ ಬೆಳಿಗ್ಗೆ ಒಳಗೆ ನನ್ನದು ಕೊಡಬೇಕು. ನನ್ನ ಹತ್ತಿರ ಇರೋದು ಇಷ್ಟೇ."

ಮಾಸ್ಟರ್ ಕೈ ಚಾಚಿ ಒಂದೊಂದೇ ನೋಡಿದರು. ವರ್ಷಕ್ಕೊಂದರಂತೆ ಗ್ರೂಪ್ ಫೋಟೋ. ಪ್ರತಿಯೊಂದರಲ್ಲೂ ಮೊದಲ ಸಾಲಿನ ನಟ್ಟನಡುವೆ ಅತ್ತೆ, ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಕಣ್ಣು ಭದ್ರವಾಗಿ ಮುಚ್ಚಿಕೊಂಡು! ಗುರುತಿನ ಚೀಟಿಯಲ್ಲೂ ಅದೇ. ಮದುವೆಯ ಫೋಟೋದಲ್ಲೂ ಅದೇ, ಆದರೆ ಅಲ್ಲಿ ಮಾವನವರದೂ ಮುಚ್ಚಿತ್ತು.

"ಮೂರು ಅಂತ ಎಣಿಸೋ ಹೊತ್ತಿಗೆ ಸರಿಯಾಗಿ ರೆಪ್ಪೆ ಬಿದ್ದುಹೋಗುತ್ತೆ. ಏನು ಮಾಡಿದರೂ ನಿಲ್ಲಲ್ಲ," ಅಂದರು ಅತ್ತೆ. ದನಿ ಸ್ವಲ್ಪ ಕೆಳಗಿಳಿಯಿತು. "ಹನ್ನೊಂದು ವರ್ಷ ಒಂದು ಮಗು ತೂಕಡಿಸೋದಕ್ಕೆ ಬಿಟ್ಟವಳಲ್ಲ ನಾನು. ಈಗ ನಾನೇ ಗೋಡೆ ಮೇಲೆ ನಿದ್ದೆ ಮಾಡ್ತಾ ನೇತಾಡಬೇಕಾ? ಓಡಾಡೋ ಮಕ್ಕಳೆಲ್ಲ ನಗಲ್ವಾ?"

ಮಾಸ್ಟರ್ ಕೈಯಲ್ಲಿದ್ದ ಫೋಟೋ ಕೆಳಗಿಟ್ಟರು. ಯಾವತ್ತೂ ಯಾರ ಹತ್ತಿರವೂ ಏನನ್ನೂ ಕೇಳದ ಹೆಂಗಸು. ಎದ್ದು ನಿಂತು ಎದೆ ತಟ್ಟಿಕೊಂಡರು.

"ಅತ್ತೆ, ಈ ಅಳಿಯ ಇದ್ದೂ ನಿಮಗೆ ಆ ಚಿಂತೆ ಯಾಕೆ? ಕಣ್ಣು ಬಿಟ್ಟ ಫೋಟೋ ತೆಗೆದುಕೊಡದಿದ್ದರೆ ನಾನು ಕತ್ತರಿ ಮುಟ್ಟಲ್ಲ!"

"ರೀ, ಶನಿವಾರ ಎಂಟು ಶರ್ಟು ಕೊಡೋದಿದೆ, ಸ್ವಲ್ಪ ನೋಡ್ಕೊಂಡು ಶಪಥ ಮಾಡಿ," ಅಂದಳು ಹೆಂಡತಿ.

ಗುರುವಾರ ಬೆಳಿಗ್ಗೆ, ಹೆಂಡತಿ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಾಗ, ಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಲಾಯಿತು. ಬಟ್ಟೆ ಇಸ್ತ್ರಿ, ಕೂದಲು ಬಾಚಿ ಒಪ್ಪ. ಕನ್ನಡಕದ ಗಾಜು ಹೊಳೆಯುತ್ತದೆ ಅಂತ ಮಾಸ್ಟರೇ ಅದನ್ನು ತೆಗೆಸಿ ಒಳಕೋಣೆಯಲ್ಲಿ ಇಟ್ಟುಬಂದರು. ಆಮೇಲೆ ಅಭ್ಯಾಸಬಲದಿಂದ ಟೇಪು ಹಿಡಿದು ಭುಜದ ಅಳತೆಯನ್ನೂ ತೆಗೆದುಕೊಂಡರು. ಅತ್ತೆ ಭುಜ ನೆಟ್ಟಗೆ ಮಾಡಿ ಅಳತೆ ಕೊಟ್ಟರು.

"ಒಂದು... ಎರಡು... ಮೂರು!"

ಕ್ಲಿಕ್! ಫೋಟೋ ಬೀಳುವ ಆ ಒಂದು ಕ್ಷಣ ಕಿಂಡಿ ಕಪ್ಪಾಗುತ್ತದೆ. ಅತ್ತೆಯ ರೆಪ್ಪೆ ಬೀಳುವುದೂ ಸರಿಯಾಗಿ ಅದೇ ಕ್ಷಣಕ್ಕೆ! ಕಿಂಡಿ ಮತ್ತೆ ಬೆಳಗುವಷ್ಟರಲ್ಲಿ ಅತ್ತೆ ಕಣ್ಣು ತೆರೆದುಕೊಂಡು ಕೂತಿರುತ್ತಿದ್ದರು. ಅದನ್ನು ನೋಡಿದ ಮಾಸ್ಟರಿಗೆ ಎಲ್ಲವೂ ಸುಸೂತ್ರ.

"ಬಿತ್ತಾ?" ಅತ್ತೆ ಮುಂದೆ ಬಾಗಿದರು. "ತೋರಿಸಿ. ಅಯ್ಯೋ, ಕನ್ನಡಕ ಇಲ್ಲದೆ ನನಗೇನೂ ಕಾಣಿಸ್ತಿಲ್ಲ. ನೀವೇ ನೋಡಿ ಹೇಳಿ, ಕಣ್ಣು ಬಿಟ್ಟಿದ್ದೀನಾ?"

ಮಾಸ್ಟರ್ ಸ್ಕ್ರೀನ್ ನೋಡಿದರು. ಸ್ಕ್ರೀನ್ ನೋಡಲ್ಲ ಅಂದ ಘೋಷಣೆ ಮುರಿದೇ ನೋಡಿದರು. ಗಂಜಿ! ಗಂಜಿಯ ನಡುವೆ ಒಂದು ಉರುಟು, ಉರುಟಿನೊಳಗೆ ಎರಡು ಕಪ್ಪು ಮಚ್ಚೆ. ಕೈ ಚಾಚಿ ನೋಡಿದರು. ಮಚ್ಚೆ ಚಿಕ್ಕದಾಯಿತು, ಅಷ್ಟೇ. "ನನಗೂ ಕಾಣಿಸ್ತಿಲ್ಲ ಅತ್ತೆ" ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗಂಡಸರ ಬಾಯಿಗೆ ಆ ಮಾತು ಅಷ್ಟು ಸುಲಭವಾಗಿ ಬರುತ್ತದೆಯೇ, ಸ್ವಾಮಿ?

"ಬಿಟ್ಟಿದ್ದೀರಿ ಅತ್ತೆ! ಬಟ್ಟಲಿನಷ್ಟು ಬಿಟ್ಟಿದ್ದೀರಿ!"

"ನಿಜವಾಗಲೂ?"

"ನನ್ನ ಕಣ್ಣಳತೆ ಮೇಲೆ ಅನುಮಾನವಾ?"

"ಛೆ ಛೆ, ನೀವು ಹೇಳಿದ ಮೇಲೆ ಮುಗೀತು," ಎಂದು ಅತ್ತೆ ನಕ್ಕರು. ಅತ್ತೆ ಹಾಗೆ ಮುಖ ತುಂಬ ನಕ್ಕಿದ್ದನ್ನು ಮಾಸ್ಟರ್ ನೋಡಿದ್ದೇ ಕಡಿಮೆ. ಆ ಹುರುಪಿನಲ್ಲಿ ಇನ್ನೂ ಮೂವತ್ತಾರು ತೆಗೆದರು. ಮೂವತ್ತಾರಕ್ಕೂ "ಫಸ್ಟ್ ಕ್ಲಾಸ್!" ಎಂದು ಸಾರಿದರು. ಅತ್ತೆ ಆ ಕೂಡಲೇ ಶಾಲೆಗೆ ಫೋನ್ ಮಾಡಿ, "ಸಿಕ್ಕಿತು, ಈ ಸಲ ಕಣ್ಣು ಬಿಟ್ಟಿದ್ದೀನಿ, ನನ್ನ ಅಳಿಯಂದಿರು ತೆಗೆದದ್ದು" ಎಂದು ಹೇಳಿಯೂಬಿಟ್ಟರು.

ಮಾಸ್ಟರ್ ಅಂಗಡಿಗೆ ಬಂದು ಗುಂಡುಸೂಜಿ ಕಚ್ಚಿಕೊಂಡು ಕೆಲಸಕ್ಕೆ ನಿಂತಾಗ ಹೆಂಡತಿ ಕೈ ಚಾಚಿದಳು. "ಕೊಡಿ, ನಾನೂ ನೋಡ್ತೀನಿ."

"ಊಹೂಂ! ಫ್ರೇಮಿನಲ್ಲೇ ನೋಡುವೆಯಂತೆ," ಎಂದು ಮಾಸ್ಟರ್ ಗಂಟಲಲ್ಲೇ ಗೊಣಗಿ, ಕ್ಯಾಮೆರಾದಿಂದ ಮೆಮೊರಿ ಕಾರ್ಡು ತೆಗೆದುಕೊಂಡು ಪಕ್ಕದ ಸ್ಟುಡಿಯೋಗೆ ಓಡಿದರು. ಅರ್ಧ ಕೆಲಸದಿಂದ ಎದ್ದು ಓಡಿದ್ದರಿಂದ ತುಟಿಗಳ ನಡುವೆ ಸಾಲು ಗುಂಡುಸೂಜಿ ಹಾಗೇ ಇದ್ದವು. ಬಾಯಿ ತೆರೆಯುವ ಹಾಗಿಲ್ಲ. ಹಾಗಾಗಿ ದನಿ ಗಂಟಲೊಳಗಿಂದ, ಗದ್ಗದವಾಗಿ ಬಂತು.

"ನಮ್ಮ ಅತ್ತೆಯವರದು... ಶಾಲೆಯ ಗೋಡೆಗೆ ಹಾಕ್ತಾರೆ... ಯಾವುದಾದರೂ ಒಂದನ್ನ ದೊಡ್ಡದು ಮಾಡಿ ಫ್ರೇಮ್ ಹಾಕಿಬಿಡಪ್ಪ... ನಾಳೆ ಸಂಜೆ ಒಳಗೆ..."

ಸ್ಟುಡಿಯೋದವನು ಮಾಸ್ಟರ್ ಮುಖ ನೋಡಿದ. ಬಿಗಿ ಹಿಡಿದ ತುಟಿ, ತಡವರಿಸುವ ಮಾತು. "ಆಗಲಿ ಮಾಸ್ಟರ್, ನೀವೇನೂ ಯೋಚಿಸಬೇಡಿ," ಎಂದು ಬೆನ್ನು ಸವರಿದ. ಎಷ್ಟು ಒಳ್ಳೆಯ ನೆರೆಯವನು ಎಂದುಕೊಂಡು ಮಾಸ್ಟರ್ ವಾಪಸ್ ಬಂದರು.

ಶುಕ್ರವಾರ ಸಂಜೆ ಯಾರೋ ಮೆತ್ತಗೆ ಬಾಗಿಲು ತಟ್ಟಿದರು. ಅತ್ತೆಯೇ ಎದ್ದು ತೆರೆದರು. ಹೊರಗೆ ಸ್ಟುಡಿಯೋದವನು. ಮಾಸ್ಟರ್ ಹೊಲಿದುಕೊಟ್ಟ ಕೋಟು, ತಗ್ಗಿಸಿದ ತಲೆ, ಎದೆಗೊತ್ತಿ ಹಿಡಿದ ದೊಡ್ಡ ಫ್ರೇಮು. ತಲೆ ಎತ್ತದೆಯೇ ಶುರುಮಾಡಿದ.

"ಏನು ಮಾಡೋದಮ್ಮ, ಒಂದಲ್ಲ ಒಂದು ದಿನ ಎಲ್ಲರೂ ಹೋಗೋರೇ. ಧೈರ್ಯ ತಂದುಕೊಳ್ಳಿ. ಮೂವತ್ತೇಳು ಫೋಟೋನೂ ನೋಡಿದೆ, ಮುಖದಲ್ಲಿ ಎಂಥ ಶಾಂತಿ! ಪುಣ್ಯವಂತರು, ಕುರ್ಚಿಯಲ್ಲಿ ಕೂತಹಾಗೇ ಹೋಗಿಬಿಟ್ಟಿದ್ದಾರೆ."

"ಯಾರು?" ಅಂದರು ಅತ್ತೆ.

ಅವನು ತಲೆ ಎತ್ತಿದ. ಅತ್ತೆಯನ್ನು ನೋಡಿದ. ಫ್ರೇಮನ್ನು ನೋಡಿದ. ಮತ್ತೆ ಅತ್ತೆಯನ್ನು ನೋಡಿದ. ಹಣೆಯಲ್ಲಿ ಬೆವರೊಡೆಯಿತು. "ನೀ... ನೀವು... ಇನ್ನೂ..."

"ಇನ್ನೂ ಇದ್ದೀನಿ. ನೆಟ್ಟಗೆ ನಿಂತು ಮಾತಾಡು. ಕೊಡು ಇಲ್ಲಿ ಅದನ್ನ."

ಫ್ರೇಮು ಊಟದ ಮೇಜಿನ ಮೇಲೆ ಬಂತು. ಕಡುಗಪ್ಪು ಕಟ್ಟು. ಒಳಗೆ ಅತ್ತೆ, ಕಣ್ಣು ಮುಚ್ಚಿ, ಸಕಲ ಚಿಂತೆಗಳಿಂದ ಬಿಡುಗಡೆ ಹೊಂದಿದವರ ಹಾಗೆ. ಕೆಳಗೆ ಬಂಗಾರದ ಬಣ್ಣದಲ್ಲಿ 'ಸದಾ ನಮ್ಮ ನೆನಪಿನಲ್ಲಿ' ಎಂಬ ಸಾಲು.

"ಆ ಸಾಲು ನನ್ನ ಕಡೆಯಿಂದ, ಮಾಸ್ಟರ್," ಅಂದ ಸ್ಟುಡಿಯೋದವನು, ಬಾಗಿಲ ಕಡೆ ಹಿಂದಕ್ಕೆ ಹೆಜ್ಜೆ ಇಡುತ್ತ.

"ನೀನು ಎಲ್ಲಿಗೂ ಹೋಗಬೇಡ. ಅಲ್ಲೇ ಕೂತ್ಕೋ." ಅತ್ತೆ ಕನ್ನಡಕ ಹಾಕಿಕೊಂಡು, ಅವನು ವಾಪಸ್ ತಂದಿದ್ದ ಕಾರ್ಡನ್ನು ಕ್ಯಾಮೆರಾಗೆ ಹಾಕಿಸಿ, ಸ್ಕ್ರೀನಿನಲ್ಲಿ ಒಂದೊಂದೇ ಫೋಟೋ ಸರಿಸಿ ನೋಡಿದರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಹಾಗೆ, ನಿಧಾನವಾಗಿ, ಮೂವತ್ತೇಳನ್ನೂ.

"ಅಳಿಯಂದಿರೇ, ಇದನ್ನ ನೋಡಿ ನೀವು 'ಬಟ್ಟಲಿನಷ್ಟು' ಅಂದಿರಿ."

"ಅದು... ಬೆಳಕು ಅತ್ತೆ... ಸ್ಕ್ರೀನ್ ಮೇಲೆ ಬಿಸಿಲು ಬಿದ್ದಿತ್ತು... ಕ್ಯಾಮೆರಾನೂ ಹಳೇದು..."

"ಮಾಸ್ಟರ್, ಕ್ಯಾಮೆರಾಗೇನೂ ಆಗಿಲ್ಲ!" ಸ್ಟುಡಿಯೋದವನಿಗೆ ರೋಷ ಬಂತು.

"ರೀ," ಅಂದಳು ಹೆಂಡತಿ. ಜೋರಾಗಿ ಅನ್ನಲಿಲ್ಲ. "ಒಂದು ಮಾತು ಕೇಳ್ತೀನಿ. ದಿನಾ ಬೆಳಿಗ್ಗೆ ನಿಮ್ಮ ಯಂತ್ರದ ಪಕ್ಕ ದಾರ ಪೋಣಿಸಿದ ಹನ್ನೆರಡು ಸೂಜಿ ಇರುತ್ತಲ್ಲ, ಅವು ಎಲ್ಲಿಂದ ಬರ್ತವೆ ಅಂದುಕೊಂಡಿದ್ದೀರಿ?"

ಮಾಸ್ಟರ್ ಅಂಗಡಿಯ ಕಡೆ ತಿರುಗಿ ನೋಡಿದರು. ಸೂಜಿಗಳು ಇರುತ್ತಿದ್ದವು, ನಿಜ. ಹಿಂದಿನ ದಿನ ಅವಳ ಕೆಲಸದಲ್ಲಿ ಉಳಿದವು ಅಂದುಕೊಂಡಿದ್ದರು. ಉಳಿದದ್ದು ದಿನಾ ಹನ್ನೆರಡೇ ಯಾಕೆ, ಅದೂ ಅವತ್ತಿನ ಬಟ್ಟೆಯ ಬಣ್ಣಕ್ಕೇ ಯಾಕೆ ಹೊಂದುತ್ತಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಎಷ್ಟು ದಿನದಿಂದ?" ಅಂದರು.

"ಮೂರು ವರ್ಷದಿಂದ. ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ."

ಮಾಸ್ಟರಿಗೆ ನಾಚಿಕೆಯಾಯಿತು, ಹೆಂಡತಿಯ ಮೇಲೆ ಪ್ರೀತಿಯೂ ಉಕ್ಕಿತು. ಎರಡೂ ಒಟ್ಟಿಗೇ ಬಂದದ್ದರಿಂದ ಮಾತು ತಡವರಿಸಿತು. ಈ ಸಲ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. "ಅತ್ತೆ, ತಪ್ಪಾಯ್ತು. ನನಗೆ ಹತ್ತಿರದ್ದು ಕಾಣಿಸಲ್ಲ. ಕಾಣಿಸಲ್ಲ ಅನ್ನೋದಕ್ಕೆ ಮುಜುಗರ ಪಟ್ಟು ಸುಳ್ಳು ಹೇಳಿದೆ."

ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಫೋಟೋಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದರು. "ಹೋಗಲಿ ಬಿಡಿ. ಫೋನ್ ಮಾಡಿ ಹೇಳಿಬಿಟ್ಟಿದ್ದೆ, ಅದೊಂದೇ ಬೇಜಾರು. ಹಳೇ ಗ್ರೂಪ್ ಫೋಟೋದಿಂದ ಯಾವುದಾದರೂ ಒಂದನ್ನ ಕತ್ತರಿಸಿ ಕೊಟ್ಟರಾಯ್ತು. ಮುಚ್ಚಿದ ಕಣ್ಣು ಹೇಗೂ ಮುಚ್ಚಿದ್ದೇ."

ಅದನ್ನು ಕೇಳಿ ಮಾಸ್ಟರಿಗೆ ತಡೆಯಲಾಗಲಿಲ್ಲ. "ಇಲ್ಲ ಅತ್ತೆ! ಈಗಲೇ ಕೂತ್ಕೊಳ್ಳಿ. ಇನ್ನೊಂದೇ ಒಂದು!" ಎಂದವರೇ ಹೆಂಡತಿಯ ಮೂಗಿನಿಂದ ಕನ್ನಡಕ ಕಿತ್ತು ತಮ್ಮ ಮೂಗಿಗೆ ಏರಿಸಿದರು. ತಿಳಿಗುಲಾಬಿ ಬಣ್ಣದ, ಕಡ್ಡಿಯ ಮೇಲೆ ಪುಟ್ಟ ಹೂವಿದ್ದ ಕನ್ನಡಕ! ಸ್ಟುಡಿಯೋದವನು ಕೋಟಿನ ತೋಳು ಬಾಯಿಗೆ ಅಡ್ಡ ಹಿಡಿದ.

ಮಾಸ್ಟರ್ ಸ್ಕ್ರೀನ್ ನೋಡಿದರು. ಅಯ್ಯಪ್ಪಾ! ಗಂಜಿ ಮಾಯ! ಅತ್ತೆಯ ಮೂಗು, ಅತ್ತೆಯ ಕಿವಿ, ಅತ್ತೆಯ ಗದ್ದದ ಮಚ್ಚೆ! ಇನ್ನೂ ಚೆನ್ನಾಗಿ ನೋಡೋಣವೆಂದು ಮುಖ ಹತ್ತಿರ ತಂದರು. ಸ್ಕ್ರೀನ್ ಪಟ್ಟನೆ ಆರಿಹೋಯಿತು.

"ಕೆಟ್ಟೇಹೋಯ್ತು!"

"ಕೆಟ್ಟಿಲ್ಲ ಮಾಸ್ಟರ್. ಮುಖ ಹತ್ತಿರ ಬಂದರೆ ಸ್ಕ್ರೀನ್ ಆರುತ್ತೆ, ಕಿಂಡಿ ಹತ್ತುತ್ತೆ. ಕಿಂಡಿಯಲ್ಲಿ ನೋಡಿ."

ಕಿಂಡಿಯಲ್ಲಿ ನೋಡಿದರು. ಗಂಜಿ! ಕಿಂಡಿಯ ಚಕ್ರ ಹೊಂದಿಸಿದ್ದು ಕನ್ನಡಕವಿಲ್ಲದ ಕಣ್ಣಿಗೆ. ಕನ್ನಡಕ ತೆಗೆದರು, ಕಿಂಡಿ ಸ್ವಚ್ಛವಾಯಿತು. ಆದರೆ ಫೋಟೋ ಬೀಳುವ ಹೊತ್ತಿಗೆ ಆ ಹಾಳು ಕಿಂಡಿ ಕಪ್ಪಾಗುತ್ತದಲ್ಲ! ಮುಖ ಹಿಂದೆ ತಂದರು, ಸ್ಕ್ರೀನ್ ಹತ್ತಿತು. ಕನ್ನಡಕ ಹಾಕಿದರು. ಬಾಗಿದರು, ಆರಿತು. ತೆಗೆದರು, ಏರಿಸಿದರು, ಹಣೆಗೆ ತಳ್ಳಿದರು, ಮೂಗಿಗೆ ಇಳಿಸಿದರು.

"ರೀ, ದೂರ ಹಿಡೀರಿ!"

"ಹಿಡಿದಿದ್ದೀನಲ್ಲೇ!"

"ಮಾಸ್ಟರ್, ಹೆಬ್ಬೆರಳು ಕಿಂಡಿಗೆ ಅಡ್ಡ ಬಂದಿದೆ, ಅದಕ್ಕೇ ಸ್ಕ್ರೀನ್ ಆರ್ತಾ ಇದೆ!"

"ನೀನು ಸುಮ್ಮನಿರಯ್ಯ! ಅತ್ತೆ, ಒಂದು... ಎರಡು... ತಡೀರಿ ತಡೀರಿ... ಮತ್ತೆ ಒಂದು..."

ಹತ್ತು ನಿಮಿಷ ಹೀಗೇ ನಡೆಯಿತು. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹನ್ನೊಂದನೇ ನಿಮಿಷಕ್ಕೆ ಮಾಸ್ಟರ್ ಕನ್ನಡಕವನ್ನು ಇನ್ನೊಮ್ಮೆ ತೆಗೆಯಲು ಕೈ ಎತ್ತಿದರು. ಅಷ್ಟೇ! ಹೆಡ್ ಮೇಡಂ ಕುರ್ಚಿಯಿಂದ ಅರ್ಧ ಎದ್ದು, ಬೆರಳೆತ್ತಿ ಗುಡುಗಿದರು:

"ಅಳಿಯಂದಿರೇ! ಆ ಕನ್ನಡಕ ಮೂಗಿನ ಮೇಲೇ ಇರಲಿ! ಇನ್ನೊಂದು ಸಲ ತೆಗೆದರೆ ನೋಡಿ!"

ಮಾಸ್ಟರ್ ಬೆಚ್ಚಿಬಿದ್ದರು. ಬೆರಳು ತಾನಾಗಿಯೇ ಗುಂಡಿ ಒತ್ತಿತು. ಕ್ಲಿಕ್!

ಯಾರೂ ಒಂದು, ಎರಡು, ಮೂರು ಅಂದಿರಲಿಲ್ಲ. ಸ್ಕ್ರೀನಿನಲ್ಲಿ ಅತ್ತೆ. ಎತ್ತಿದ ತೋರುಬೆರಳು, ಅರ್ಧ ತೆರೆದ ಬಾಯಿ. ಆ ಕಣ್ಣುಗಳು! ರೆಪ್ಪೆಯ ಕೂದಲು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಮಾಸ್ಟರ್ ನಿಜವಾಗಿಯೂ ನೋಡಿ ಹೇಳಿದರು, "ಬಿಟ್ಟಿದ್ದೀರಿ ಅತ್ತೆ. ಈ ಸಲ ನಿಜವಾಗಲೂ ಬಿಟ್ಟಿದ್ದೀರಿ."

"ಇದು ಬೇಡಮ್ಮ," ಅಂದಳು ಹೆಂಡತಿ ನಗು ತಡೆಯುತ್ತ. "ಬೈಯೋ ಹಾಗಿದೆ. ಸ್ವಲ್ಪ ನಗುಮುಖದ್ದು ತೆಗೀಲಿ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಆ ಸ್ಕ್ರೀನ್ ನೋಡಿದರು. ಮುಖ ಮೆಲ್ಲಗೆ ಅರಳಿತು. "ಇದೇ ಇರಲಿ ಮಗಳೇ. ಹನ್ನೊಂದು ವರ್ಷ ನಾನು ಇದ್ದದ್ದೇ ಹೀಗೆ. ಆಗ ಯಾರೂ ಫೋಟೋ ತೆಗೆದಿರಲಿಲ್ಲ, ಅಷ್ಟೇ." ಆಮೇಲೆ ಸ್ಟುಡಿಯೋದವನ ಕಡೆ ತಿರುಗಿ, "ಏಳು. ಇದನ್ನ ಇವತ್ತೇ ದೊಡ್ಡದು ಮಾಡಿ ತಾ. ಕಪ್ಪು ಫ್ರೇಮು ಬೇಡ. ಕೆಳಗೆ ಏನೂ ಬರೆಯೋದೂ ಬೇಡ" ಅಂದರು. ಅವನು ಎದ್ದು ಓಡಿದ ರಭಸ ನೋಡಿದರೆ ಹೋಂವರ್ಕ್ ಮರೆತು ಬಂದ ಹುಡುಗನೂ ಅಷ್ಟು ಜೋರಾಗಿ ಓಡಿರಲಾರ.

ಶನಿವಾರ ಫೋಟೋ ಶಾಲೆ ಸೇರಿತು. ಎಂಟು ಶರ್ಟು ಮಾತ್ರ ಸೋಮವಾರ ಹೋದವು.

ಎರಡು ವಾರ ಕಳೆದ ಮೇಲೆ ಮಾಸ್ಟರ್ ಹೆಂಡತಿಯೊಂದಿಗೆ ತಮ್ಮ ಕಲಾಕೃತಿ ನೋಡಲು ಶಾಲೆಗೆ ಹೋದರು. ಉದ್ದನೆಯ ಕಾರಿಡಾರು. ಸಾಲಾಗಿ ಒಂಬತ್ತು ಫೋಟೋ. ಎಂಟು ಮಂದಿ ಎಲ್ಲೋ ಮೇಲೆ ನೋಡುತ್ತ ಗಂಭೀರವಾಗಿ ಕೂತಿದ್ದಾರೆ. ಒಂಬತ್ತನೆಯದು ಅತ್ತೆ, ಬೆರಳೆತ್ತಿ, ನಡೆದುಬರುವವರ ಮುಖಕ್ಕೇ ನೇರವಾಗಿ ಕಣ್ಣು ನೆಟ್ಟು. ಈಗಿನ ಹೆಡ್ ಮಾಸ್ಟರ್ ಓಡೋಡಿ ಬಂದು ಮಾಸ್ಟರ್ ಕೈ ಕುಲುಕಿದರು.

"ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು! ಈ ಕಾರಿಡಾರಿನಲ್ಲಿ ಮಕ್ಕಳು ಓಡೋದೇ ನಿಂತುಹೋಗಿದೆ. ಮೊನ್ನೆ ಒಬ್ಬ ಟೀಚರ್ ತಡವಾಗಿ ಬಂದವರು ಆ ಕಡೆ ಮೆಟ್ಟಿಲು ಸುತ್ತಿಕೊಂಡು ಹೋದರು."

ಮಾಸ್ಟರ್ ಬೀಗಿದರು. ಹೆಂಡತಿಯ ಕಡೆ ತಿರುಗಿ, "ನೋಡಿದೆಯಾ? ಕಲಾವಿದ ಅಂದರೆ ಹೀಗಿರಬೇಕು" ಎನ್ನುತ್ತ ಎದೆಯುಬ್ಬಿಸಿ ಹತ್ತು ಹೆಜ್ಜೆ ನಡೆದು, ಫೋಟೋದ ಎದುರು ನಿಂತರು. ಬೆನ್ನು ನೆಟ್ಟಗಾಯಿತು. ಕೈ ಮೆಲ್ಲಗೆ ಜೇಬಿಗೆ ಹೋಗಿ, ಹೊಸದಾಗಿ ಮಾಡಿಸಿದ ಚಾಳೀಸನ್ನು ತೆಗೆದು, ಮೂಗಿನ ಮೇಲೆ ಕೂರಿಸಿತು.

ಹೆಂಡತಿ ಆಶ್ಚರ್ಯದಿಂದ ನೋಡಿದಳು. "ಅಲ್ಲಾರೀ, ಅಷ್ಟು ದೊಡ್ಡ ಫೋಟೋ ನೋಡೋದಕ್ಕೂ ನಿಮಗೆ ಕನ್ನಡಕ ಬೇಕಾ?"

"ನಾನು ನೋಡೋದಕ್ಕಲ್ಲ ಕಣೇ," ಅಂದರು ಮಾಸ್ಟರ್, ತುಟಿ ಅಲುಗಿಸದೆ, ಪಿಸುದನಿಯಲ್ಲಿ. "ಅವರು ನನ್ನನ್ನ ನೋಡ್ತಾ ಇದ್ದಾರೆ!"